ಎಲ್ಲೈತಿ, ತೋರಸು

“ಬಸಕ್ಕನ ಅಪ್ಪ ಒಬ್ಬಾಕಿನ್ನ ಕಟಗೊಂಡು ಗೋವಾಕ್ಕ ಓಡಿಹೋಗ್ಯಾನ್ರಿ!” ಎಂದು ಶಾರದವ್ವ ಅಂದೇಬಿಟ್ಟಳು. ಮೊರಬದ ಗ್ರಂಥಾಲಯದ ಚಾಪೆಯ ಮೇಲೆ ಅವಳೊಡನೆ ಕೂತಿದ್ದ ಏಳನೆಯ ಇಯತ್ತೆಯ ಹುಡುಗಿಯರು ಕಿಸಕ್ಕನೆ ನಕ್ಕರು. ಎದುರು ಗುಂಪಿನ ಬಸಕ್ಕ ಮಾತ್ರ ನಗಲಿಲ್ಲ.

ಆಟ ಕಟ್ಟಿದವನು ಗ್ರಂಥಪಾಲಕ ಶಂಕ್ರಪ್ಪ. ಒಂದು ಗುಂಪು ಊರಲ್ಲಿ ಕೇಳಿದ ಮಾತೊಂದನ್ನು ಹೇಳಬೇಕು. ಇನ್ನೊಂದು ಗುಂಪು “ಎಲ್ಲೈತಿ, ತೋರಸು” ಎನ್ನಬೇಕು. ಪುಸ್ತಕದಲ್ಲೋ ಪೇಪರಿನಲ್ಲೋ ತೋರಿಸಿದರೆ ಗೆಲುವು, ಇಲ್ಲದಿದ್ದರೆ ಅದು ಗಾಳಿಮಾತು. ಹುಣಸೆಮರದ ದೆವ್ವ, ಹನ್ನೆರಡು ವರ್ಷ ಸೇಡು ಇಟ್ಟುಕೊಳ್ಳುವ ಹಾವು, ಶನಿವಾರಕ್ಕೊಂದರಂತೆ ಸೋತುಹೋಗಿದ್ದವು. ಶಂಕ್ರಪ್ಪನಿಗೆ ತನ್ನ ಆಟದ ಮೇಲೆ ಅಗದಿ ಜಂಬ. ಆ ಜಂಬದಲ್ಲೇ, ಶಾರದವ್ವನ ಬಾಯಿ ಮುಚ್ಚಿಸಬೇಕಾದವನು “ಹೂಂ, ಎಲ್ಲೈತಿ ತೋರಸು” ಅಂದ.

“ಊರೆಲ್ಲಾ ಅಂತೈತ್ರಿ,” ಎಂದು ಶಾರದವ್ವ ತಡವರಿಸಿದಳು.

“ಊರು ಅಂದದ್ದು ನಡಿಯೂದಿಲ್ಲ.”

ಅಲ್ಲಿಗೆ ಮುಗಿಯಬೇಕಿತ್ತು. ಬಸಕ್ಕ ಎದ್ದು ನಿಂತಳು. “ಅದು ಸುಳ್ಳಂತ ನಾ ತೋರಸ್ತೇನ್ರಿ ಸರ. ನಮ್ಮಪ್ಪಗ ಏನರ ಆಗಿದ್ರ ಪೇಪರನ್ಯಾಗ ಬಂದಿರ್ತೈತಲ್ರಿ?”

ಅವಳ ಅಪ್ಪ ಕರಿಸಿದ್ದಪ್ಪ ಕುರಿ ಮಾರಲು ಹುಬ್ಬಳ್ಳಿ ಸಂತೆಗೆ ಹೋದವನು ವರ್ಷವಾಗುತ್ತ ಬಂದರೂ ತಿರುಗಿ ಬಂದಿರಲಿಲ್ಲ. “ಹುಡಕು,” ಎಂದ ಶಂಕ್ರಪ್ಪ. ಹುಡುಗಿಗೆ ಓದುವ ಚಟ ಹತ್ತಲಿ ಎಂಬುದಷ್ಟೇ ಅವನ ತಲೆಯಲ್ಲಿತ್ತು. ಅಪ್ಪ ಹೋದ ದಿನದ ಪೇಪರಿನಿಂದ ಶುರುಮಾಡಿ ಅವಳು ಹಳೆಯ ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಉಳಿದವರು ಆಡುತ್ತಿದ್ದರು, ಇವಳು ಮೂಲೆಯಲ್ಲಿ ಧೂಳು ಕುಡಿಯುತ್ತ ಕೂತಿರುತ್ತಿದ್ದಳು.

ಮೂರನೆಯ ಶನಿವಾರ ಮಧ್ಯಾಹ್ನ “ಸಿಕ್ತ್ರಿ ಸರ!” ಎಂದು ಕೂಗಿದಳು. ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದಿದಳು. “ಕಲಘಟಗಿ ರಸ್ತೆಯ ಹಳ್ಳದಲ್ಲಿ ಅಪರಿಚಿತ ಗಂಡಸಿನ ಶವ. ವಯಸ್ಸು ಸುಮಾರು ನಲವತ್ತು. ಹೆಗಲಲ್ಲಿ ಕರಿ ಕಂಬಳಿ. ಎಡಗೈಗೆ ಆರು ಬೆರಳು. ಬಲ ಮುಂಗೈ ಮೇಲೆ ಲಕ್ಷ್ಮವ್ವ ಎಂಬ ಹಚ್ಚೆ. ವಾರಸುದಾರರು ಎಂಟು ದಿನದೊಳಗೆ ಠಾಣೆಗೆ ಬರತಕ್ಕದ್ದು.”

ಅವ್ವನ ಹೆಸರು ಬಂದಾಗ ಅವಳ ದನಿ ಸಣ್ಣಗಾಯಿತು, ಆದರೂ ಕೊನೆಯತನಕ ಓದಿದಳು. “ನೋಡ್ರಿ ಸರ, ಓಡಿಹೋಗಿಲ್ಲ,” ಎಂದವಳು ಮತ್ತೆ ಮೊದಲಿನಿಂದ, ಈ ಸಲ ಒಳಗೊಳಗೇ, ಓದತೊಡಗಿದಳು.

ಪೇಪರು ಹನ್ನೊಂದು ತಿಂಗಳು ಹಳೆಯದು. ಸುದ್ದಿಯ ಅರ್ಧದ ಮೇಲೆ ಗ್ರಂಥಾಲಯದ ನೀಲಿ ಮೊಹರು ಕೂತಿತ್ತು. ಒತ್ತಿದವನು ಶಂಕ್ರಪ್ಪನೇ. ಆ ಊರಲ್ಲಿ ಪೇಪರ್ ಓದುವುದೆಂದರೆ ಹತ್ತಿಯ ದರ ಕೂಗಿ ಹೇಳಿ ಮಡಚಿಡುವುದು. ಅವನೂ ಪ್ರತಿ ಹಾಳೆಗೂ ಮೊಹರು ಹಾಕಿ ದಾರ ಕಟ್ಟಿಡುತ್ತಿದ್ದನೇ ಹೊರತು ಓದುತ್ತಿರಲಿಲ್ಲ. ನಾಚಿಕೆಯಿಂದ ಅವನ ಮೈ ಹಿಡಿಯಾಯಿತು.

ಪೇಪರು ಬಗಲಲ್ಲಿಟ್ಟುಕೊಂಡು, ಹುಡುಗಿಯ ಕೈ ಹಿಡಿದು ಅವಳ ಮನೆಗೆ ಹೋದ. ಲಕ್ಷ್ಮವ್ವ ಕಟ್ಟೆಯ ಮೇಲೆ ಉಣ್ಣೆ ನೂಲುತ್ತಿದ್ದಳು. ಅವನು ಓದಿದ್ದನ್ನು ಅಲುಗಾಡದೆ ಕೇಳಿದಳು. ಶಂಕ್ರಪ್ಪನಿಗೆ ಏನಾದರೂ ಸಮಾಧಾನ ಹೇಳಬೇಕೆನಿಸಿತು.

“ನಿನ್ನ ಗಂಡ ಅಂಥಾಂವ ಅಲ್ಲಬೇ. ಊರ ಮಂದಿ ಸುಳ್ಳ ಹುಟ್ಟಿಸಿದ್ರು.”

“ಊರ ಮಂದಿ ಅಲ್ರಿ,” ಎಂದಳು ಲಕ್ಷ್ಮವ್ವ. “ಗೋವಾಕ್ಕ ಓಡಿಹೋದ ಅಂತ ಮೊದಲ ಹೇಳಿದಾಕಿ ನಾನ.”

“ನೀನ? ಯಾಕಬೇ?”

ಅವಳು ಅವನನ್ನಲ್ಲ, ಮಗಳನ್ನು ನೋಡಿದಳು.

“ಓಡಿಹೋದಾಂವ ಬದುಕಿರ್ತಾನಲ್ರಿ.”