ರಸ್ತೆಯ ಕಡೆಗೆ ಕಟ್ಟಿದ ಬಟ್ಟೆ

ವಿದೇಶಿ ಆಟಗಾರ್ತಿಯರ ಬಸ್ಸುಗಳು ಬರಲು ಇನ್ನು ಅರ್ಧ ಗಂಟೆಯಿತ್ತು. ಮುತ್ತು ಬ್ಲೇಡು ಹಿಡಿದುಕೊಂಡು ಬಂದು ಹಸಿರು ಬಟ್ಟೆಯ ಮುಂದೆ ನಿಂತ.

ಆನೇಕಲ್ ರಸ್ತೆಯ ಹೊಸ ಸ್ಟೇಡಿಯಮ್ಮಿನಲ್ಲಿ ಅಂದು ಹೆಂಗಸರ ಹಾಕಿ ವಿಶ್ವಕಪ್ ಶುರುವಾಗುವುದಿತ್ತು. ಬೊಮ್ಮಸಂದ್ರದ ಈ ಹನ್ನೆರಡು ತಗಡಿನ ಶೆಡ್ಡುಗಳು ಬಂದವರ ಕಣ್ಣಿಗೆ ಬೀಳಬಾರದೆಂದು ನಾಲ್ಕು ದಿನದ ಹಿಂದೆ ಯಾರೋ ಬಂದು ರಸ್ತೆಯುದ್ದಕ್ಕೂ ಆಳೆತ್ತರದ ಬಟ್ಟೆ ಕಟ್ಟಿ ಹೋಗಿದ್ದರು. ಹೊರಮುಖಕ್ಕೆ ಸ್ವಾಗತದ ಅಕ್ಷರ, ಕೋಲು ಹಿಡಿದು ಓಡುವ ಹುಡುಗಿಯ ಚಿತ್ರ. ಒಳಮುಖಕ್ಕೆ ಏನೂ ಇರಲಿಲ್ಲ.

“ಆ ಸ್ಟೇಡಿಯಂಗೆ ಸೆಂಟ್ರಿಂಗ್ ಹೊಡದಾಂವ ನಾನು,” ಅಂದ ಮುತ್ತು. “ಎರಡ ವರ್ಷ ಅಲ್ಲೇ ಬೆನ್ನ ಸುಟಗೊಂಡೀನಿ. ಈಗ ನನ್ನ ಮನಿ ಕಂಡ್ರ ದೇಶದ ಮರ್ಯಾದಿ ಹೋಗತೈತಂತ! ಬಸ್ ಬರೂದ್ರಾಗ ಇದನ್ನ ಈ ತುದಿಯಿಂದ ಆ ತುದಿಗೆ ಸೀಳತೀನಿ. ನೋಡ್ಲಿ ಅವರೂ.”

ಶೆಡ್ಡುಗಳ ಯಜಮಾನ ಚಿಕ್ಕಮುನಿಯಪ್ಪ ಇಸ್ತ್ರಿಯ ಬಿಳಿ ಅಂಗಿ ತೊಟ್ಟು ಬಸ್ಸು ನೋಡಲು ಹೊರಟಿದ್ದವನು ಗಕ್ಕನೆ ನಿಂತ.

“ಲೇ ಮುತ್ತು, ಬ್ಯಾಡ ಕಣ್ಲಾ. ಮೂವತ್ತು ವರ್ಸದಿಂದ ಕೈ ಮುಗ್ದು ಕೇಳಿದ್ ಟಾರು, ಈ ಹೆಣ್ಮಕ್ಳು ಬತ್ತವ್ರೆ ಅಂತ ಮೂರೇ ದಿನಕ್ ಬಂತು. ಬೀದಿ ದೀಪ ಬಂತು. ಇನ್ನೇನ್ಲಾ ಬೇಕು ನಿಂಗೆ?”

“ದೀಪ ನಿಮಗ ಬಂದಾವ್ರೀ ಯಜಮಾನ್ರ. ನಮಗ ಬಟ್ಟಿ ಬಂದೈತಿ.”

“ಮೊದ್ಲು ನಿನ್ ಬಾಯಿಗ್ ಕಟ್ಬೇಕಿತ್ತು ಅದ್ನ,” ಎಂದು ಗೊಣಗುತ್ತ ಅವನು ರಸ್ತೆಗೆ ನಡೆದ. ಅವನಿಗೆ ಬಸ್ಸು ನೋಡುವುದನ್ನು ತಪ್ಪಿಸಿಕೊಳ್ಳುವ ಮನಸ್ಸಿರಲಿಲ್ಲ.

ಮುತ್ತುವಿನ ತಂಗಿ ಸವಿತಾ ಶೆಡ್ಡಿನ ಬಾಗಿಲಲ್ಲಿ ಬಕೆಟ್ಟು ಹಿಡಿದು ನಿಂತೇ ಇದ್ದಳು. ಮಾತ್ರೆ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಅವಳಿಗೆ ಮಧ್ಯಾಹ್ನದ ಪಾಳಿ. ಹತ್ತೊಂಬತ್ತು ವರ್ಷದ ಅವಳು ಅಣ್ಣನ ಎದುರು ಜೋರಾಗಿ ಮಾತಾಡಿದವಳಲ್ಲ. ಈಗ ಹೇಳಬೇಕಾದ ಮಾತಂತೂ ಅಣ್ಣನ ಎದುರು ಆಡುವಂಥದ್ದೇ ಅಲ್ಲ.

ಅಷ್ಟೂ ಶೆಡ್ಡುಗಳಿಗೆ ಇದ್ದದ್ದು ಒಂದೇ ನಲ್ಲಿ, ಅದರ ಬುಡಕ್ಕೊಂದು ಚಪ್ಪಡಿ ಕಲ್ಲು. ಒಂದು ಬದಿಗೆ ಶೆಡ್ಡುಗಳ ಸಾಲು, ಇನ್ನೆರಡು ಬದಿಗೆ ಕಾರ್ಖಾನೆಯ ಗೋಡೆ. ತೆರೆದಿದ್ದದ್ದು ರಸ್ತೆಯ ಕಡೆ ಮಾತ್ರ. ಗಂಡಸರಿಗೆ ಅದು ಲೆಕ್ಕಕ್ಕಿರಲಿಲ್ಲ. ಮುತ್ತು ಚಡ್ಡಿಯಲ್ಲಿ ನಿಂತು, ರಸ್ತೆಯಲ್ಲಿ ಹೋಗುವವರನ್ನು ಮಾತಾಡಿಸುತ್ತಲೇ ಮೈಗೆ ಸೋಪು ಹಚ್ಚಿಕೊಳ್ಳುತ್ತಿದ್ದ. ಹೆಂಗಸರು ಮಾತ್ರ ಬೆಳಗಿನ ಜಾವ ನಾಲ್ಕೂವರೆಗೆ, ಮೊದಲ ಪಾಳಿಯ ಬಸ್ಸುಗಳು ಬರುವುದರೊಳಗೆ, ಹಾಕಿದ ಬಟ್ಟೆಯ ಮೇಲೇ ನೀರು ಸುರಿದುಕೊಂಡು ಒಳಗೆ ಓಡಬೇಕಿತ್ತು. ಪಕ್ಕದ ಶೆಡ್ಡಿನ ಹನುಮವ್ವ ಸೀರೆ ಅಡ್ಡ ಹಿಡಿದರೆ ಸವಿತಾ, ಸವಿತಾ ಹಿಡಿದರೆ ಹನುಮವ್ವ. ತಿಂಗಳ ಆ ಮೂರು ದಿನಗಳಲ್ಲಿ ಪಟ್ಟ ಪಾಡು ಅವರಿಗೇ ಗೊತ್ತು.

ಬಟ್ಟೆ ಕಟ್ಟಿದ ಮರುದಿನ, ಗಂಡಸರು ಕೆಲಸಕ್ಕೆ ಹೋದ ಮೇಲೆ, ಹತ್ತು ಗಂಟೆಗೆ ಸವಿತಾ ಹೆದರುತ್ತಲೇ ಕಲ್ಲಿನ ಮೇಲೆ ಕೂತಿದ್ದಳು. ಬೆನ್ನಿಗೆ ಬಿಸಿಲು ಬಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಸೀಗೆಪುಡಿ ಹಚ್ಚಿ, ಅವಸರವಿಲ್ಲದೆ ತಲೆ ತಿಕ್ಕಿಕೊಂಡಳು. ಹಾಕಿ ಆಟದ ತಲೆಬುಡ ಅವಳಿಗೆ ತಿಳಿಯದು. ಆದರೂ ಯಾವ ಯಾವ ದೇಶದ ಹುಡುಗಿಯರೋ, ಎಲ್ಲರೂ ಗೆಲ್ಲಲಿ ಎಂದು ಅಂದುಕೊಂಡಿದ್ದಳು. ಇವತ್ತು ಸ್ಟೇಡಿಯಮ್ಮಿನ ಸುತ್ತಮುತ್ತ ಕಟ್ಟಡದ ಕೆಲಸಕ್ಕೆಲ್ಲ ರಜೆ. ಅದಕ್ಕೇ ಅಣ್ಣ ಮನೆಯಲ್ಲಿದ್ದ.

ಬ್ಲೇಡು ಬಟ್ಟೆಗೆ ಇಳಿಯಿತು. ಕೊರಳ ಮಟ್ಟದಿಂದ ಸೊಂಟದ ಮಟ್ಟಕ್ಕೆ ಸರ್ರನೆ ಸೀಳಿತು. ಸಂದಿನಿಂದ ರಸ್ತೆ ಕಂಡಿತು, ನಿಂತ ಜನ ಕಂಡರು. ಅವರಿಗೂ ಈ ಕಲ್ಲು ಕಂಡಿರಬೇಕು.

ಸವಿತಾ ಬಂದು ಬಕೆಟ್ಟನ್ನು ಕಲ್ಲಿನ ಮೇಲೆ ಇಟ್ಟಳು.

“ಅಣ್ಣ, ಮೂರು ದಿನದಿಂದ ನಾವು ಬೆಳಕಿನಾಗ ಜಳಕಾ ಮಾಡಾಕತ್ತೀವಿ.”

ಮುತ್ತುವಿನ ಕೈ ನಿಂತಿತು. “ಅಂದ್ರ?”

“ಬಟ್ಟಿ ಐತೆಲ್ಲ, ಅದಕ್ಕ.” ಅವಳು ನೆಲ ನೋಡಿಕೊಂಡೇ ಹೇಳಿದಳು. “ನೀ ಅಂದದ್ದು ಖರೇ ಐತಿ. ನಮ್ಮನ್ನ ಮುಚ್ಚಾಕ ಕಟ್ಯಾರ. ಕಟ್ಲಿ ಬಿಡು.”

“ಮೊದಲ ಯಾವಾಗ ಮಾಡತಿದ್ರಿ?”

“ಕತ್ತಲದಾಗ. ನೀವೆಲ್ಲ ಮಲಗಿದ್ದಾಗ.”

ಮುತ್ತು ಕಲ್ಲನ್ನು ನೋಡಿದ, ಬಕೆಟ್ಟನ್ನು ನೋಡಿದ. ತಂಗಿಯ ಮುಖ ಮಾತ್ರ ನೋಡಲಾಗಲಿಲ್ಲ.

“ಇವತ್ತು ಆಗೇತೇನು ಜಳಕ?”

“ನೀ ಮನ್ಯಾಗ ಇದ್ದೆಲ್ಲ.”

ಅವನು ಬ್ಲೇಡನ್ನು ಜೇಬಿಗೆ ಹಾಕಿ, ಬಟ್ಟೆಯ ತುದಿಯನ್ನು ಬಳಸಿಕೊಂಡು ರಸ್ತೆಗೆ ಹೋದ. ಸ್ವಲ್ಪ ಹೊತ್ತಿಗೆ ಸೀಳಿನ ಎರಡೂ ಅಂಚು ಹೊರಗಿನಿಂದ ಒಂದಕ್ಕೊಂದು ಕೂಡಿಕೊಂಡವು. ಅದರ ಮೇಲೆ ಅವನ ಬೆನ್ನು ಬಂದು ಒತ್ತಿತು. ಬಿಸಿಲಿಗೆ ಹಸಿರು ಬಟ್ಟೆಯ ಮೇಲೆ ಅವನ ನೆರಳು, ಎರಡೂ ತೋಳು ಅಗಲಿಸಿ ಬಟ್ಟೆಯನ್ನು ಹಿಡಿದುಕೊಂಡ ನೆರಳು, ದಟ್ಟವಾಗಿ ಮೂಡಿತು.

“ಮಾಡ್ಕೋ,” ಅಂತು ನೆರಳು.

ಸವಿತಾ ಕೂತು ಮೊದಲ ಚೊಂಬು ಸುರಿದುಕೊಳ್ಳುವಾಗ ಹೊರಗೆ ಸೈರನ್ನು ಕೇಳಿಸಿತು. ಹಿಂದೆಯೇ ಬಸ್ಸುಗಳು. ಜನ ಕೂಗಿದರು, ಶಿಳ್ಳೆ ಹೊಡೆದರು. ಎಲ್ಲರ ಗಂಟಲನ್ನೂ ಮೀರಿ ಚಿಕ್ಕಮುನಿಯಪ್ಪನ ಗಂಟಲು ಎದ್ದಿತು:

“ಲೇ ಮುತ್ತು, ನಿಂಗೇ ಕಣ್ಲಾ ಕೈ ಬೀಸ್ತಾವ್ರೆ! ಪಾಪ, ಕಿಟಕಿಯಿಂದ ಅರ್ಧ ಆಚೆ ಬಂದವ್ರೆ ಕಣ್ಲಾ! ನೀನೂ ಬೀಸ್ಲಾ!”

ನೆರಳು ಕದಲಲಿಲ್ಲ.

“ನೀವ ಬೀಸ್ರೀ ಯಜಮಾನ್ರ,” ಅಂದ ಮುತ್ತು. “ನನ್ನ ಕೈ ಖಾಲಿ ಇಲ್ಲ.”