ಗೋಡೆಯ ಹಿಂದೆ ಹಿಡಿದ ಉಸಿರು

"ಮೇಸ್ತ್ರಿ, ಒಂದ್ಸಲ ಗೋಡೆ ಹಿಂದೆ ನಿಂತ್ಕೊಳ್ಳಿ," ಎಂದ ಯಂತ್ರವನ್ನು ಕೊಂಡ ಕಂಪನಿಯ ಇಂಜಿನಿಯರ್. ಸರ್ಕಾರಿ ಪ್ರಯೋಗಾಲಯದ ಹಳೇ ಫಿಟ್ಟರ್ ಆದ ಮೇಸ್ತ್ರಿ ಹೊರಟವರು ಯಂತ್ರದ ಪರದೆ ನೋಡಿ ನಿಂತುಬಿಟ್ಟರು. ಕುಸಿದ ಮನೆಗಳಡಿ ಜೀವ ಹಿಡಿದುಕೊಂಡವರನ್ನು ಉಸಿರಾಟದ ಸುಳಿವಿನಿಂದ ಹುಡುಕಲೆಂದು ತಾವೇ ಹನ್ನೆರಡು ವರ್ಷ ತಿದ್ದಿ ತೀಡಿದ ಯಂತ್ರ. ಮನುಷ್ಯ ಸಿಕ್ಕರೆ ಹಸಿರು ಚುಕ್ಕೆ ಮೂಡುತ್ತಿದ್ದ ಜಾಗದಲ್ಲಿ ಈಗ ಬಂದೂಕಿನ ಗುರಿಯ ಕೆಂಪು ಗೀಟು.

"ಇದ್ಯಾಕಪ್ಪಾ?"

"ಸೈನ್ಯದವ್ರಿಗೂ ಬೇಕಂತೆ. ನಿಮ್ಮ ಕೂಸು ದೊಡ್ಡ ಕೆಲಸಕ್ಕೆ ಸೇರ್ತು ಅನ್ನಿ!"

ಗೋಡೆಯ ಹಿಂದೆ ಹೋಗಿ ನಿಂತ ಮೇಸ್ತ್ರಿ ಎಂದೂ ಇಲ್ಲದ ಹಾಗೆ ಉಸಿರು ಬಿಗಿಹಿಡಿದರು. ತಾವು ಸಿಗದಿದ್ದರೆ ಯಂತ್ರ ಕೆಟ್ಟಿದೆಯೆಂದು ಪ್ರಯೋಗಾಲಯಕ್ಕೇ ಹಿಂದಕ್ಕೆ ಕೊಟ್ಟಾರು ಎಂಬ ಆಸೆ.

"ಸಿಕ್ಕಿದ್ರು!" ಆಚೆಯಿಂದ ಕೂಗು ಬಂತು. "ಉಸಿರೇ ಆಡ್ತಿಲ್ಲ, ಆದ್ರೂ ಎದೆಬಡಿತ ಹಿಡೀತು ನೋಡಿ!"

ಮಣ್ಣಡಿ ಉಸಿರು ಕಟ್ಟಿದ ಮಕ್ಕಳೂ ಸಿಗಲಿ ಎಂದು, ಆಗೋದಿಲ್ಲವೆಂದ ಸಾಹೇಬರನ್ನು ಕಾಡಿ ಬೇಡಿ, ಯಂತ್ರಕ್ಕೆ ಎದೆಬಡಿತ ಹಿಡಿಯೋದನ್ನು ಕಲಿಸಿದವರು ಈ ಮೇಸ್ತ್ರಿಯೇ.