ಕೆಂಪು ದಾರ

ಕಸೂತಿಯ ಮಾಸಪತ್ರಿಕೆಯೊಂದಕ್ಕೆ ಇಂದುಮತಿ ಹೊಸ ದಾರಗಳಿಂದ ಹೊಲಿದು, ಒಗೆದು ನೋಡಿ ಅವುಗಳ ಗುಣದೋಷ ಬರೆಯುತ್ತಿದ್ದಳು. ಒಂದು ದೊಡ್ಡ ಕಂಪನಿಯ ಕೆಂಪು ದಾರ ಬಣ್ಣ ಬಿಡುತ್ತದೆಂದು ಎರಡು ಸಲ ಬರೆದರೂ ಆ ಸಾಲು ಮಾತ್ರ ಅಚ್ಚಾಗಲಿಲ್ಲ, ಹೊಗಳಿಕೆಯಷ್ಟೇ ಉಳಿಯಿತು. ಪತ್ರಿಕೆಯ ಹಿಂದಿನ ರಕ್ಷಾಪುಟ ವರ್ಷಗಳಿಂದ ಅದೇ ಕಂಪನಿಯ ಜಾಹೀರಾತಿಗೆ ಮೀಸಲು. ಅವಳ ಬರಹ ನಂಬಿ ಆ ದಾರ ಕೊಂಡ ನೆರೆಮನೆಯಾಕೆ, ಮಗಳ ಮದುವೆಯ ಸೀರೆ ಹಾಳಾದ ಮೇಲೆ ಅವಳೊಡನೆ ಮಾತೇ ಬಿಟ್ಟಿದ್ದಳು.

ಇಂದುಮತಿ ಸಂಪಾದಕರಿಗೆ ಫೋನ್ ಮಾಡಿದಳು. "ಈ ಸಲನೂ ಆ ಸಾಲು ತಗದ್ರ ನನ್ನ ಹೆಸರೂ ತಗದುಬಿಡ್ರಿ."

"ಛೇ, ಎಂಥಾ ಮಾತ್ರೀ ಬಾಯಾರ! ಒಂದಕ್ಷರ ಮುಟ್ಟೂದಿಲ್ಲ." ಅವರು ಇಷ್ಟು ಬೇಗ ಒಪ್ಪಿದ್ದೇ ಅವಳಿಗೆ ಅನುಮಾನ.

ಹೊಸ ಸಂಚಿಕೆ ಬಂತು. ಒಂದಕ್ಷರವೂ ಹೋಗಿರಲಿಲ್ಲ. ಮೇಲೆ ದಪ್ಪಕ್ಷರದ ತಲೆಬರಹ ಬೇರೆ: 'ಈ ದಾರ ನಂಬಬೇಡಿ'.

ಪತ್ರಿಕೆಯನ್ನು ಅಗಲವಾಗಿ ಬಿಡಿಸಿ ಹಿಡಿದು ಇಂದುಮತಿ ಎದುರಿಗೆ ಕೂತ ನಾದಿನಿಗೆ ಓದಿ ಹೇಳಿದಳು. ಓದುವವಳ ಕಣ್ಣು ತುಂಬಿತ್ತು. "ಸುಮ್ಮನ ಸಂಶೇ ಪಟ್ಟೆ ನೋಡು. ಭಾಳ ಖರೇ ಮನಷ್ಯಾ."

ನಾದಿನಿಗೆ ಕಾಣುತ್ತಿದ್ದುದು ಪತ್ರಿಕೆಯ ಹೊರಗಿನ ರಕ್ಷಾಪುಟ ಮಾತ್ರ.

"ವೈನಿ, ಹಿಂದಿನ ಪುಟಕ್ಕ ಈ ಸಲ ಬ್ಯಾರೆ ಕಂಪನಿ ದಾರದ ಜಾಹೀರಾತ ಬಂದದಲ್ರೀ."